‘ಪಥೇರ್ ಪಾಂಚಾಲಿ’ಯ ರೈಲನ್ನು ಹೇಗೆ ಓದಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪತ್ರಿಕೋದ್ಯಮ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿ. ಚಲನಚಿತ್ರ ಅಧ್ಯಯನದ ಪತ್ರಿಕೆಗಾಗಿ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯ (1955) ವಸ್ತು, ಸಂಕೇತ ಹಾಗೂ ದೃಶ್ಯಶೈಲಿಯನ್ನು ಕುರಿತು ಪ್ರಬಂಧ ಬರೆಯಬೇಕಾಗಿದೆ. ನನ್ನ ಮೊದಲ ಕರಡಿನಲ್ಲಿ ರೈಲು ಆಧುನಿಕತೆಯ ಸಂಕೇತ, ಮಳೆ ಸಾವಿನ ಸಂಕೇತ, ಕೊನೆಯಲ್ಲಿ ಮನೆಯೊಳಗೆ ಹರಿದುಹೋಗುವ ಹಾವು ವಿನಾಶದ ಸಂಕೇತ ಎಂದು ಬರೆದಿದ್ದೆ. ಅಧ್ಯಾಪಕರು ಅದರ ಅಂಚಿನಲ್ಲಿ, ‘ಸಿನಿಮಾ ನೋಡದೆಯೂ ಇಷ್ಟನ್ನು ಬರೆಯಬಹುದು’ ಎಂದು ಗುರುತು ಹಾಕಿ ಹಿಂದಿರುಗಿಸಿದ್ದಾರೆ. ಅವರು ಕೇಳುತ್ತಿರುವುದೇನೆಂದು ಸ್ವಲ್ಪ ಮಟ್ಟಿಗೆ ಅರ್ಥವಾಗುತ್ತದೆ, ಆದರೆ ಎಲ್ಲಿಂದ ಹಿಡಿದು ಬರೆಯಬೇಕೆಂದು ತಿಳಿಯುತ್ತಿಲ್ಲ. ಈ ಚಿತ್ರವನ್ನು ಪಾಠ ಮಾಡಿದವರು ಅಥವಾ ಇದರ ಬಗ್ಗೆ ಬರೆದವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1

ನಿಮ್ಮ ಅಧ್ಯಾಪಕರ ಮಾತು ಕಟುವಾಗಿದ್ದರೂ ನ್ಯಾಯವಾದದ್ದು. ರೈಲು ಆಧುನಿಕತೆಯ ಸಂಕೇತ ಎಂಬುದು ತಪ್ಪಲ್ಲ, ಆದರೆ ಅಲ್ಲಿಗೇ ನಿಂತರೆ ನೂರಾರು ಸಿನಿಮಾಗಳಿಗೆ ಅದೇ ವಾಕ್ಯವನ್ನು ಅಂಟಿಸಬಹುದು. ಆದ್ದರಿಂದ ರೈಲಿನ ಅರ್ಥವನ್ನು ಸದ್ಯಕ್ಕೆ ಬದಿಗಿಟ್ಟು, ಈ ಚಿತ್ರದಲ್ಲಿ ರೈಲು ಯಾವಾಗ ಬರುತ್ತದೆ, ಯಾರಿಗೆ ಕಾಣುತ್ತದೆ, ಯಾರಿಗೆ ಕೇಳಿಸುತ್ತದೆ ಎಂಬುದನ್ನು ಮೊದಲು ಬರೆದುಕೊಳ್ಳಿ.

ಅದು ನಮಗೆ ಮೊದಲು ಸಿಗುವುದು ಸದ್ದಾಗಿ. ರಾತ್ರಿಯ ಹೊತ್ತು ಹರಿಹರ ಮಗ ಅಪುವಿಗೆ ಅಕ್ಷರ ತಿದ್ದಿಸುತ್ತಿದ್ದಾನೆ, ಅವನ ಹೆಂಡತಿ ಸರ್ವಜಯಾ ಮಗಳು ದುರ್ಗಾಳ ತಲೆ ಬಾಚುತ್ತಿದ್ದಾಳೆ, ಮುದುಕಿ ಇಂದಿರ್ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಾಳೆ. ಇಡೀ ಸಂಸಾರ ದೀಪದ ಬೆಳಕಿನಲ್ಲಿ ಒಟ್ಟಿಗೆ ಕುಳಿತಿರುವ ಆ ಹೊತ್ತಿನಲ್ಲಿ ದೂರದ ರೈಲಿನ ಸದ್ದು ತೇಲಿಬರುತ್ತದೆ, ಅಪು ಅಕ್ಕನನ್ನು ‘ನೀನು ರೈಲು ನೋಡಿದ್ದೀಯಾ’ ಎಂದು ಕೇಳುತ್ತಾನೆ. ಎರಡನೆಯದು ಎಲ್ಲರೂ ಹೇಳುವ, ಕಾಶ್ ಹುಲ್ಲಿನ ಬಿಳಿ ಹೂಗಳ ನಡುವಿನ ದೃಶ್ಯ. ಅಲ್ಲಿಯೂ ರೈಲಿಗಿಂತ ಮುಂಚೆ ಸದ್ದೇ ಇದೆ: ದುರ್ಗಾ ತಂತಿಕಂಬಕ್ಕೆ ಕಿವಿಯಾನಿಸಿ ಅದರ ಗುಂಯ್‌ಗುಡುವಿಕೆಯನ್ನು ಕೇಳುತ್ತಾಳೆ. ಆಮೇಲೆ ಹೊಗೆ, ಆಮೇಲೆ ಓಟ. ಓಡುವಾಗ ದುರ್ಗಾ ಎಡವಿ ಬೀಳುತ್ತಾಳೆ, ಹಳಿಯ ಹತ್ತಿರಕ್ಕೆ ತಲುಪುವವನು ಅಪು ಒಬ್ಬನೇ. ಆ ಕ್ಷಣದಲ್ಲಿ ಕ್ಯಾಮೆರಾ ಹಳಿಯ ಆಚೆ ಬದಿಗೆ ಹೋಗಿಬಿಡುತ್ತದೆ. ಇಷ್ಟು ಹೊತ್ತು ಮಕ್ಕಳ ಜೊತೆ ಓಡುತ್ತಿದ್ದ ನಮಗೂ ಅಪುವಿಗೂ ನಡುವೆ ರೈಲು ಅಡ್ಡಬಂದು, ಉರುಳುವ ಚಕ್ರಗಳ ಸಂದಿನಲ್ಲಿ ಮಾತ್ರ ಅವನು ಕಾಣುತ್ತಾನೆ. ಮೂರನೆಯದು ದುರ್ಗಾಳ ಹಾಸಿಗೆಯ ಬಳಿ. ಜ್ವರದಲ್ಲಿ ಮಲಗಿರುವ ಅವಳು, ವಾಸಿಯಾದ ಮೇಲೆ ಇನ್ನೊಮ್ಮೆ ರೈಲು ನೋಡಲು ಹೋಗೋಣ ಎಂದು ತಮ್ಮನಿಗೆ ಹೇಳುತ್ತಾಳೆ. ಅವಳು ಆ ಜ್ವರದಿಂದ ಏಳುವುದೇ ಇಲ್ಲ.

ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ರೈಲಿನ ಕಥೆ ನಗರಕ್ಕೂ ಹಳ್ಳಿಗೂ ಸಂಬಂಧಿಸಿದ್ದು ಎನ್ನುವುದಕ್ಕಿಂತ ಹೆಚ್ಚಾಗಿ, ಜೊತೆಯಲ್ಲಿ ಹೊರಟ ಇಬ್ಬರಲ್ಲಿ ಒಬ್ಬರಿಗೆ ದಕ್ಕಿ ಇನ್ನೊಬ್ಬರಿಗೆ ದಕ್ಕದೆ ಹೋದದ್ದರ ಕಥೆ ಎಂದು ನನಗೆ ತೋರುತ್ತದೆ. ನೀವು ಇದನ್ನು ಒಪ್ಪಬೇಕಾಗಿಲ್ಲ. ಆದರೆ ನೀವು ಏನು ಹೇಳಿದರೂ ಆ ಎಡವುವಿಕೆಗೂ ಕ್ಯಾಮೆರಾ ಬದಿ ಬದಲಿಸುವುದಕ್ಕೂ ನಿಮ್ಮ ಓದಿನಲ್ಲಿ ಲೆಕ್ಕ ಸಿಗಬೇಕು. ಅಪುವಿನ ಕಥೆಯನ್ನು ಮುಂದುವರಿಸುವ ಮುಂದಿನ ಎರಡು ಚಿತ್ರಗಳನ್ನೂ ನೋಡಲು ಸಾಧ್ಯವಾದರೆ ನೋಡಿ. ‘ಅಪರಾಜಿತೋ’ದಲ್ಲಿ (1956) ಮಗನನ್ನು ತಾಯಿಯಿಂದ ದೂರ ಒಯ್ಯುವುದು ರೈಲು. ‘ಅಪುರ್ ಸಂಸಾರ್’ನಲ್ಲಿ (1959) ಹೆಂಡತಿಯನ್ನು ಕಳೆದುಕೊಂಡ ಅಪು ಸಾಯಬೇಕೆಂದು ನಿಲ್ಲುವುದು ರೈಲುಹಳಿಯ ಪಕ್ಕದಲ್ಲೇ. ಒಂದೇ ವಸ್ತು ಹೀಗೆ ಬೆರಗಿನಿಂದ ಅಗಲಿಕೆಗೆ, ಅಗಲಿಕೆಯಿಂದ ಸಾವಿನ ಅಂಚಿಗೆ ಸಾಗುತ್ತದೆ. ಹಾಗಿರುವಾಗ ಅದಕ್ಕೆ ಒಂದೇ ಅರ್ಥದ ಚೀಟಿ ಹಚ್ಚಲು ಬರುವುದಿಲ್ಲ.

ಉತ್ತರ 2

ಮೇಲಿನವರ ವಿವರಣೆಗೆ ನನ್ನ ಸಹಮತವಿದೆ, ಆದರೆ ರೈಲನ್ನೇ ಪ್ರಬಂಧದ ಕೇಂದ್ರ ಮಾಡಿಕೊಳ್ಳಬೇಡಿ ಎಂದು ಹೇಳಬಯಸುತ್ತೇನೆ. ಅದರ ಬಗ್ಗೆ ಈಗಾಗಲೇ ಬಹಳ ಬರೆಯಲಾಗಿದೆ. ನನ್ನ ದೃಷ್ಟಿಯಲ್ಲಿ ಇಡೀ ಚಿತ್ರದ ಭಾರವನ್ನು ಹೊತ್ತಿರುವುದು ಒಂದು ಮಣಿಸರ.

ನೆರೆಮನೆಯ ಹೆಂಗಸು ಬಂದು, ತನ್ನ ಮಗಳ ಮಣಿಸರವನ್ನು ದುರ್ಗಾ ಕದ್ದಿದ್ದಾಳೆಂದು ಆರೋಪಿಸುತ್ತಾಳೆ. ಆಟಿಕೆಯ ಪೆಟ್ಟಿಗೆಯನ್ನು ಜಾಲಾಡಿದರೂ ಸರ ಸಿಗುವುದಿಲ್ಲ, ದುರ್ಗಾ ತಾನು ಕದ್ದಿಲ್ಲವೆನ್ನುತ್ತಾಳೆ. ಅವಮಾನದಿಂದ ಕುದಿದುಹೋದ ಸರ್ವಜಯಾ ಮಗಳ ಕೂದಲು ಹಿಡಿದು ಎಳೆದು ಹೊರಗೆ ದಬ್ಬುತ್ತಾಳೆ. ಅಲ್ಲಿಂದ ಮುಂದೆ ಆ ಸರದ ಸುದ್ದಿಯೇ ಇರುವುದಿಲ್ಲ, ನಾವೂ ಮರೆತಿರುತ್ತೇವೆ. ದುರ್ಗಾ ಸತ್ತ ಮೇಲೆ, ಮನೆ ಬಿಡಲು ಸಾಮಾನು ಕಟ್ಟುವಾಗ ಅಪುವಿನ ಕೈಗೆ ಒಂದು ತೆಂಗಿನ ಕರಟ ಸಿಗುತ್ತದೆ, ಅದರಲ್ಲಿ ಒಂದು ಜೇಡ, ಜೊತೆಗೆ ಆ ಸರ. ಅಪು ಯಾರಿಗೂ ಹೇಳದೆ ಅದನ್ನು ಒಯ್ದು ಕೊಳಕ್ಕೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಸರಿದು ಬಾಯಿ ತೆರೆದು, ಮತ್ತೆ ನಿಧಾನವಾಗಿ ಕೂಡಿಕೊಳ್ಳುತ್ತದೆ.

ಗಮನಿಸಿ, ಇಲ್ಲಿ ಒಂದೂ ಮಾತಿಲ್ಲ. ಅಕ್ಕ ಕದ್ದಿದ್ದಳು ಎಂಬ ಸತ್ಯ, ಅದನ್ನು ಯಾರಿಗೂ ಸಿಗದಂತೆ ಮಾಡುವ ತಮ್ಮನ ತೀರ್ಮಾನ, ಬಡತನಕ್ಕೆ ಅಂಟಿಕೊಂಡ ಅವಮಾನ, ಎಲ್ಲವೂ ಒಂದು ಕೈಬೀಸಿನಲ್ಲಿ ಮುಗಿಯುತ್ತದೆ. ಇದಕ್ಕೂ ಸ್ವಲ್ಪ ಮುಂಚೆ, ಎಣ್ಣೆಯ ಸೀಸೆ ಹಿಡಿದು ಹೊರಟ ಅಪು ಆಕಾಶವನ್ನೊಮ್ಮೆ ನೋಡಿ, ಒಳಗೆ ಹೋಗಿ ಕೊಡೆ ತೆಗೆದುಕೊಂಡು ಬರುವ ಚಿಕ್ಕ ಶಾಟ್ ಇದೆ. ಶಾಲೆಯ ಮೊದಲ ದಿನ ತಾಯಿ ಮತ್ತು ಅಕ್ಕ ಸೇರಿ ಸಿದ್ಧಗೊಳಿಸಿ ಕಳಿಸಿದ ಹುಡುಗ ಈಗ ಮಳೆಯ ವಿಚಾರವನ್ನು ತಾನೇ ನೋಡಿಕೊಳ್ಳುತ್ತಿದ್ದಾನೆ, ಅದೂ ಅಕ್ಕನನ್ನು ಕೊಂಡೊಯ್ದ ಮಳೆಯ ವಿಚಾರವನ್ನು. ಬಾಲ್ಯ ಮುಗಿಯುವುದು ನಿಮ್ಮ ಪ್ರಬಂಧದ ವಸ್ತುವಾಗುವುದಾದರೆ ಕೊಡೆ ಮತ್ತು ಸರ ಈ ಎರಡೇ ಸಾಕು.

ನಿಮ್ಮ ಮಳೆಯ ವಾಕ್ಯವನ್ನೂ ಇದೇ ರೀತಿ ತಿದ್ದಿಕೊಳ್ಳಿ. ಮೊದಲ ಹನಿ ಬೀಳುವುದು ಮೀನು ಹಿಡಿಯುತ್ತ ಕುಳಿತವನೊಬ್ಬನ ಬೋಳುತಲೆಯ ಮೇಲೆ, ಪ್ರೇಕ್ಷಕರು ನಗುತ್ತಾರೆ. ಆಮೇಲೆ ದುರ್ಗಾ ಕೂದಲು ಬಿಚ್ಚಿ ಮಳೆಯಲ್ಲಿ ಸುತ್ತುತ್ತಾಳೆ. ಅವಳ ಅತ್ಯಂತ ಸುಖದ ಗಳಿಗೆಯೂ ಜ್ವರದ ಕಾರಣವೂ ಆ ಒಂದೇ ಮಳೆ.

ಉತ್ತರ 3

ದೃಶ್ಯಶೈಲಿಯ ಬಗ್ಗೆ ಇನ್ನೂ ಯಾರೂ ಹೇಳದಿರುವುದರಿಂದ ನಾಲ್ಕು ಮಾತು. ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಇದಕ್ಕೂ ಮುನ್ನ ಚಲನಚಿತ್ರದ ಕ್ಯಾಮೆರಾವನ್ನು ನಡೆಸಿದವರೇ ಅಲ್ಲ. ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ. ಚಿತ್ರೀಕರಣದ ಬಹುಭಾಗ ಕಲ್ಕತ್ತೆಯ ಸಮೀಪದ ಬೊರಾಲ್ ಎಂಬ ಹಳ್ಳಿಯಲ್ಲಿ ನಡೆಯಿತು. ಕಾಶ್ ಹೂವಿನ ದೃಶ್ಯವನ್ನು 1952ರಲ್ಲಿ ಆರಂಭಿಸಿದಾಗ, ಮುಂದಿನ ವಾರ ಮರಳುವಷ್ಟರಲ್ಲಿ ದನಗಳು ಹೂವನ್ನು ಮೇದುಬಿಟ್ಟಿದ್ದವು, ಮತ್ತೆ ಹೂ ಬಿಡುವವರೆಗೆ ಕಾಯಬೇಕಾಯಿತು. ಇಂತಹ ಸಂಗತಿಗಳು ಓದಲು ರೋಚಕವಾಗಿರುತ್ತವೆ, ಆದರೆ ಅವುಗಳಿಂದಲೇ ಪುಟ ತುಂಬಿಸಬೇಡಿ. ಶೈಲಿ ಎಂದರೆ ಪರದೆಯ ಮೇಲೆ ಇರುವುದು.

ಅದಕ್ಕೆ ನಾನು ಸೂಚಿಸುವ ದೃಶ್ಯ ಹರಿಹರ ಊರಿಗೆ ಮರಳುವುದು. ಮಗಳು ಸತ್ತಿರುವುದು ಅವನಿಗೆ ಗೊತ್ತಿಲ್ಲ. ತಂದ ಸಾಮಾನುಗಳನ್ನು ಒಂದೊಂದಾಗಿ ತೋರಿಸುತ್ತ, ಕೊನೆಗೆ ದುರ್ಗಾಳಿಗೆಂದು ತಂದ ಸೀರೆಯನ್ನು ಹೆಂಡತಿಯ ಮುಂದೆ ಹಿಡಿಯುತ್ತಾನೆ. ಅಲ್ಲಿಯವರೆಗೆ ಕಲ್ಲಿನಂತಿದ್ದ ಸರ್ವಜಯಾ ಆ ಸೀರೆಯನ್ನು ಕಚ್ಚಿಕೊಂಡು ಒಡೆದುಹೋಗುತ್ತಾಳೆ. ಅವಳ ಬಾಯಿ ತೆರೆದಿರುತ್ತದೆ, ಆದರೆ ನಮಗೆ ಕೇಳುವುದು ಅವಳ ದನಿಯಲ್ಲ, ತಾರಸ್ಥಾಯಿಯಲ್ಲಿ ಚೀರುವ ತಾರ್ ಶಹನಾಯಿ ಎಂಬ ತಂತಿವಾದ್ಯ. ರವಿಶಂಕರ್ ಅವರ ಸಂಗೀತವನ್ನು ಇಲ್ಲಿ ನುಡಿಸಿದವರು ದಕ್ಷಿಣಾಮೋಹನ ಠಾಕೂರ್. ನಿಜವಾದ ಅಳುವನ್ನು ತೆಗೆದು ವಾದ್ಯವನ್ನು ಇಟ್ಟದ್ದರಿಂದ ದುಃಖ ಕಡಿಮೆಯಾಯಿತೇ, ಹೆಚ್ಚಾಯಿತೇ? ಆ ತುಣುಕನ್ನು ಒಮ್ಮೆ ಸದ್ದು ಅಡಗಿಸಿ, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ ನಿಮ್ಮ ಉತ್ತರವನ್ನು ಬರೆಯಿರಿ. ವಾಸ್ತವವಾದಿ ಚಿತ್ರ ಎಂಬ ಹಣೆಪಟ್ಟಿ ಹೊತ್ತ ಈ ಚಿತ್ರ, ತನ್ನ ಅತ್ಯಂತ ತೀವ್ರ ಗಳಿಗೆಯಲ್ಲಿ ವಾಸ್ತವದ ಸದ್ದನ್ನು ಬಿಟ್ಟುಕೊಡುತ್ತದೆ ಎಂಬುದು ಒಂದು ಪ್ರಬಂಧಕ್ಕೆ ಸಾಲುವಷ್ಟು ದೊಡ್ಡ ವಿಷಯ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಮಣಿಸರವನ್ನು ಹಿಡಿದು ಬರೆಯಲು ತೀರ್ಮಾನಿಸಿದ್ದೇನೆ. ಒಂದೇ ಸಂದೇಹ ಉಳಿದಿದೆ. ವಸ್ತು, ಸಂಕೇತ, ಶೈಲಿ ಎಂದು ಮೂರು ಭಾಗ ಮಾಡಬೇಕೆ, ಅಥವಾ ಒಟ್ಟಿಗೆ ಬರೆಯಬಹುದೆ?

ಉತ್ತರ 2 ಬರೆದವರು

ವಿಭಾಗ ಕಡ್ಡಾಯವೆಂದು ಸೂಚನೆಯಲ್ಲಿ ಇಲ್ಲದಿದ್ದರೆ ಒಟ್ಟಿಗೇ ಬರೆಯಿರಿ. ಸರ ಕೊಳಕ್ಕೆ ಬೀಳುವ ದೃಶ್ಯವನ್ನು ಮೊದಲ ಪ್ಯಾರಾದಲ್ಲೇ ಶಾಟ್‌ಗಳ ಕ್ರಮದಲ್ಲಿ ವಿವರಿಸಿ, ಆಮೇಲೆ ಕಳ್ಳತನದ ಆರೋಪದ ದೃಶ್ಯಕ್ಕೆ ಹಿಂದಿರುಗಿ. ಎರಡು ಕಡೆಯೂ ಸರ್ವಜಯಾ ಎಲ್ಲಿದ್ದಾಳೆ, ಅವಳಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ಟಿಪ್ಪಣಿ ಮಾಡಿಕೊಳ್ಳಿ. ಮಗಳು ಕದ್ದದ್ದು ತಾಯಿಗೆ ಕೊನೆಯವರೆಗೂ ತಿಳಿಯುವುದಿಲ್ಲ, ಅದು ಗೊತ್ತಿರುವುದು ಅಪುವಿಗೂ ನೋಡುಗರಾದ ನಮಗೂ ಮಾತ್ರ.