ಸಂಪರ್ಕಿತ ಸಾಧನಗಳು ಹೆಚ್ಚುತ್ತಿರುವಾಗ ಕಂಪನಿಯ ತಂತ್ರಜ್ಞಾನ ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ – ಯೋಜನಾ ಮೇಜು

ನಾನು ಯಂತ್ರಗಳ ಬಿಡಿಭಾಗಗಳನ್ನು ತಯಾರಿಸುವ ಮಧ್ಯಮ ಗಾತ್ರದ ಕಂಪನಿಯೊಂದರ ಐಟಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಮುಂದಿನ ಮೂರು ವರ್ಷಗಳ ತಂತ್ರಜ್ಞಾನ ಯೋಜನೆಯ ಕರಡನ್ನು ಸಿದ್ಧಪಡಿಸುವ ಹೊಣೆ ನನ್ನ ಮೇಲಿದೆ. ಇದುವರೆಗೆ ಈ ಯೋಜನೆಯಲ್ಲಿ ಸರ್ವರ್, ಲ್ಯಾಪ್‌ಟಾಪ್, ಲೆಕ್ಕಪತ್ರದ ತಂತ್ರಾಂಶ ಮತ್ತು ಪರವಾನಗಿಗಳ ನವೀಕರಣ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಆದರೆ ಈಚೆಗೆ ನಿರ್ವಹಣಾ ವಿಭಾಗದವರು ಪಂಪು ಮತ್ತು ಮೋಟಾರುಗಳ ಬೇರಿಂಗ್ ಮೇಲೆ ಕಂಪನ ಅಳೆಯುವ ಸೆನ್ಸರ್‌ಗಳನ್ನು ಕೂರಿಸಿದ್ದಾರೆ, ಗೋದಾಮಿನವರು ತಾಪಮಾನ ದಾಖಲಿಸುವ ಉಪಕರಣಗಳನ್ನು ತಂದಿದ್ದಾರೆ, ಕಾವಲು ವ್ಯವಸ್ಥೆಯ ಐಪಿ ಕ್ಯಾಮೆರಾಗಳು ಮತ್ತು ವಿದ್ಯುತ್ ಮೀಟರ್‌ಗಳೂ ಅದೇ ನೆಟ್‌ವರ್ಕಿಗೆ ಬಂದು ಸೇರಿವೆ. ಒಂದೊಂದಕ್ಕೂ ಬೇರೆ ಮಾರಾಟಗಾರರು, ಬೇರೆ ಆ್ಯಪ್, ಬೇರೆ ಕ್ಲೌಡ್ ಖಾತೆ.

ಇವೆಲ್ಲವನ್ನೂ ಒಂದೇ ಕಡೆ ತರುವ ಒಳ್ಳೆಯ ಪ್ಲಾಟ್‌ಫಾರಂ ಒಂದನ್ನು ಆರಿಸಿ, ಅದನ್ನೇ ಯೋಜನೆಯ ಪ್ರತ್ಯೇಕ ಅಧ್ಯಾಯವಾಗಿ ಬರೆಯಬೇಕೆಂದು ಆಡಳಿತ ಮಂಡಳಿ ಸೂಚಿಸಿದೆ. ಪ್ಲಾಟ್‌ಫಾರಂನ ಆಯ್ಕೆಯಿಂದಲೇ ಆರಂಭಿಸುವುದು ಸರಿಯೇ, ಅಥವಾ ಅದಕ್ಕೂ ಮೊದಲು ತೀರ್ಮಾನಿಸಬೇಕಾದ ಸಂಗತಿಗಳಿವೆಯೇ? ಇಂತಹ ಯೋಜನೆಯನ್ನು ನಡೆಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 – ಕಾರ್ಖಾನೆ ಜಾಲ

ಪ್ಲಾಟ್‌ಫಾರಂನಿಂದ ಆರಂಭಿಸಬೇಡಿ. ಸಾಧನಗಳ ಆಯುಸ್ಸಿನಿಂದ ಆರಂಭಿಸಿ. ಇದನ್ನು ನಾನು ಬಹಳ ಒತ್ತಿ ಹೇಳುತ್ತೇನೆ, ಏಕೆಂದರೆ ಐಟಿ ವಿಭಾಗದ ಯೋಜನೆಗಳು ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳ ಲೆಕ್ಕದಲ್ಲಿ ನಡೆಯುತ್ತವೆ. ಆದರೆ ಒಂದು ಮೋಟಾರು ಇಪ್ಪತ್ತು ವರ್ಷ ತಿರುಗಬಲ್ಲದು, ಅದಕ್ಕೆ ಅಂಟಿಸಿದ ಸೆನ್ಸರ್ ಹತ್ತು ವರ್ಷ ಕೆಲಸ ಮಾಡಬಲ್ಲದು, ಆ ಸೆನ್ಸರ್ ಮಾತನಾಡುವ ಮೊಬೈಲ್ ಜಾಲ ಮತ್ತು ಕ್ಲೌಡ್ ಸೇವೆ ಮಾತ್ರ ಅಷ್ಟು ಕಾಲ ಇರುತ್ತವೆಂಬ ಭರವಸೆಯನ್ನು ಯಾರೂ ಕೊಡುವುದಿಲ್ಲ.

ಇದು ಬರೀ ಊಹೆಯಲ್ಲ. ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿಯು 2022ರ ಫೆಬ್ರುವರಿಯಲ್ಲಿ ತನ್ನ 3ಜಿ ಜಾಲವನ್ನು ನಿಲ್ಲಿಸಿದಾಗ, 3ಜಿ ಮೋಡೆಮ್ ಹೊತ್ತಿದ್ದ ಸಾಧನಗಳು ಸ್ವತಃ ಸುಸ್ಥಿತಿಯಲ್ಲಿದ್ದರೂ ಆ ಜಾಲದ ಮೂಲಕ ಮಾತನಾಡುವ ದಾರಿಯನ್ನು ಕಳೆದುಕೊಂಡವು. ಐಒಟಿ (ಇಂಟರ್‌ನೆಟ್ ಆಫ್ ಥಿಂಗ್ಸ್, ಅಂದರೆ ಅಂತರಜಾಲಕ್ಕೆ ಸೇರಿದ ಸಾಧನಗಳ ಜಾಲ) ಸಾಧನಗಳನ್ನು ಕ್ಲೌಡ್‌ಗೆ ಜೋಡಿಸುತ್ತಿದ್ದ ತನ್ನ ಐಒಟಿ ಕೋರ್ ಸೇವೆಯನ್ನು ಗೂಗಲ್ 2023ರ ಆಗಸ್ಟ್ 16ರಂದು ಮುಚ್ಚಿತು. ಸುಮಾರು ಒಂದು ವರ್ಷ ಮೊದಲೇ ತಿಳಿಸಿತ್ತೆಂಬುದು ನಿಜ, ಆದರೆ ಎಲ್ಲೆಲ್ಲೋ ಹರಡಿಕೊಂಡಿರುವ ಸಾವಿರಾರು ಸಾಧನಗಳ ವಿಳಾಸ ಮತ್ತು ಕೀಲಿಗಳನ್ನು (ಸಾಧನದ ಗುರುತನ್ನು ಸಾಬೀತುಪಡಿಸುವ ರಹಸ್ಯ ಸಂಕೇತಗಳನ್ನು) ಬದಲಿಸಬೇಕಾದವರಿಗೆ ಒಂದು ವರ್ಷ ದೊಡ್ಡ ಅವಧಿಯೇನೂ ಅಲ್ಲ. ದೊಡ್ಡ ಕಂಪನಿಯ ಸೇವೆಯಾದ್ದರಿಂದ ಚಿಂತೆಯಿಲ್ಲ ಎಂಬ ವಾದವನ್ನು ನಿಮ್ಮ ಸಭೆಯಲ್ಲಿ ಯಾರಾದರೂ ಮುಂದಿಟ್ಟರೆ ಈ ಉದಾಹರಣೆಯನ್ನು ಕೊಡಿ.

ಬಾಳುವಂಥದ್ದು ಯಾವುದು ಎಂಬುದನ್ನೂ ಗಮನಿಸಿ. 1979ರಲ್ಲಿ ಮಾಡಿಕಾನ್ ಕಂಪನಿ ಹೊರತಂದ ಮಾಡ್‌ಬಸ್ ಶಿಷ್ಟಾಚಾರ (ಯಂತ್ರಗಳು ಪರಸ್ಪರ ಮಾತನಾಡುವ ನಿಯಮಗಳ ಕಟ್ಟು) ಇಂದಿಗೂ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದೆ. ತೈಲ ಕೊಳವೆಮಾರ್ಗಗಳ ಮಾಹಿತಿಯನ್ನು ಉಪಗ್ರಹದ ಮೂಲಕ ಕಡಿಮೆ ಖರ್ಚಿನಲ್ಲಿ ಕಳುಹಿಸಲೆಂದು 1999ರಲ್ಲಿ ರೂಪಿಸಿದ ಎಂಕ್ಯೂಟಿಟಿ ಎಂಬ ಇನ್ನೊಂದು ಶಿಷ್ಟಾಚಾರ ಈಗ ಐಒಟಿಯ ಸಾಮಾನ್ಯ ಭಾಷೆಯಂತಾಗಿದೆ. ಎರಡೂ ಎಲ್ಲರಿಗೂ ತೆರೆದಿರುವ ವಿವರಣೆಗಳು. ಆದ್ದರಿಂದ ಸಾಧನದಿಂದ ಗೇಟ್‌ವೇವರೆಗಿನ (ಸಾಧನಗಳ ಮಾಹಿತಿಯನ್ನು ಒಟ್ಟುಗೂಡಿಸಿ ಹೊರ ಜಾಲಕ್ಕೆ ದಾಟಿಸುವ ಪೆಟ್ಟಿಗೆಯವರೆಗಿನ) ಮಾತುಕತೆ ಮುಕ್ತ ಮಾನಕದಲ್ಲೇ ನಡೆಯಬೇಕೆಂಬ ಒಂದು ನಿಯಮವನ್ನು ಯೋಜನೆಯಲ್ಲಿ ಬರೆದಿಟ್ಟರೆ, ಪ್ಲಾಟ್‌ಫಾರಂನ ಆಯ್ಕೆ ಬದಲಿಸಬಹುದಾದ ತೀರ್ಮಾನವಾಗಿ ಉಳಿಯುತ್ತದೆ.

ಮೊದಲ ಕೆಲಸವಾಗಿ ಒಂದು ಪಟ್ಟಿ ಮಾಡಿ. ನಿಮ್ಮ ಕಂಪನ ಸೆನ್ಸರನ್ನೇ ತೆಗೆದುಕೊಳ್ಳೋಣ: ಅದು ಯಾವ ಪಂಪಿನ ಯಾವ ಬದಿಯ ಬೇರಿಂಗಿನ ಮೇಲಿದೆ, ಬ್ಯಾಟರಿಯನ್ನು ಬದಲಿಸಬಹುದೇ ಅಥವಾ ಕವಚದೊಳಗೆ ಮುಚ್ಚಿಬಿಟ್ಟಿದ್ದಾರೆಯೇ, ಫರ್ಮ್‌ವೇರ್‌ನ (ಸಾಧನದೊಳಗೇ ಇರುವ ತಂತ್ರಾಂಶದ) ಯಾವ ಆವೃತ್ತಿ ಓಡುತ್ತಿದೆ, ತಯಾರಕರು ಯಾವ ವರ್ಷದವರೆಗೆ ಅಪ್‌ಡೇಟ್ ಕೊಡಲು ಒಪ್ಪಿದ್ದಾರೆ, ಅಲಾರಂ ಬಂದರೆ ಯಾರಿಗೆ ಹೋಗುತ್ತದೆ, ಕೊನೆಗೆ ಅದನ್ನು ಯಾರು ಕಳಚಿ ಅದರೊಳಗಿನ ಕೀಲಿಗಳನ್ನು ಅಳಿಸುತ್ತಾರೆ. ಈ ಪ್ರಶ್ನೆಗಳಿಗೆ ಉತ್ತರ ಸಿಗದ ಖಾಲಿ ಜಾಗಗಳೇ ನಿಮ್ಮ ಮೂರು ವರ್ಷಗಳ ಕೆಲಸವನ್ನು ತೋರಿಸಿಕೊಡುತ್ತವೆ. ಇನ್ನೊಂದು ಅಂಕಣವನ್ನೂ ಸೇರಿಸಿ: ಕಾಲವನ್ನು 32 ಬಿಟ್‌ಗಳಲ್ಲಿ ಎಣಿಸುವ ಹಳೆಯ ಪದ್ಧತಿ 2038ರ ಜನವರಿ 19ರಂದು ತುಂಬಿಹೋಗುತ್ತದೆ, ಆಮೇಲೆ ಅದನ್ನು ಬಳಸುವ ಸಾಧನದ ದಿನಾಂಕ ತಪ್ಪಾಗುತ್ತದೆ. ಇಂದು ಅಳವಡಿಸಿ ಹದಿನೈದು ವರ್ಷ ಬಾಳಿಸಬೇಕೆಂದಿರುವ ಯಾವುದೇ ಸಾಧನ ಆ ದಿನವನ್ನು ದಾಟಲೇಬೇಕು. ತಯಾರಕರನ್ನು ಈಗಲೇ ಕೇಳಿ.

ಉತ್ತರ 2 – ಭದ್ರತಾ ಕಾವಲು

ಮೇಲಿನ ಉತ್ತರವನ್ನು ಒಪ್ಪುತ್ತಾ, ಖರೀದಿಯ ಹಂತದ ಬಗ್ಗೆ ಹೇಳಲು ಬಯಸುತ್ತೇನೆ. ಸಾಧನಗಳ ವಿಷಯದಲ್ಲಿ ಭದ್ರತೆಯನ್ನು ಆಮೇಲೆ ಸೇರಿಸುವುದು ಬಹುಪಾಲು ಸಾಧ್ಯವಾಗುವುದಿಲ್ಲ. ಲ್ಯಾಪ್‌ಟಾಪ್‌ಗೆ ಹೊಸ ರಕ್ಷಣಾ ತಂತ್ರಾಂಶ ಹಾಕಬಹುದು. ಕೆಲವೇ ಕಿಲೋಬೈಟ್ ಮೆಮೊರಿ ಇರುವ ಸೆನ್ಸರ್‌ಗೆ ಹಾಕಲಾಗದು. ಅಂದರೆ ಖರೀದಿ ಆದೇಶಕ್ಕೆ ಸಹಿ ಬೀಳುವ ಕ್ಷಣವೇ ನಿಮಗೆ ನಿಜವಾದ ಹಿಡಿತವಿರುವ ಕೊನೆಯ ಕ್ಷಣ.

2016ರಲ್ಲಿ ಮಿರೈ ಎಂಬ ದುರುದ್ದೇಶದ ತಂತ್ರಾಂಶ ನಡೆಸಿದ ದಾಳಿ ಈ ಮಾತಿಗೆ ಇಂದಿಗೂ ಅತ್ಯುತ್ತಮ ಪಾಠ. ಅದು ಯಾವ ಗೂಢ ತಂತ್ರವನ್ನೂ ಬಳಸಲಿಲ್ಲ. ಕಾರ್ಖಾನೆಯಿಂದ ಹೊರಟಾಗಲೇ ಹಾಕಿರುವ ಸುಮಾರು ಅರವತ್ತು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳ ಪಟ್ಟಿಯನ್ನು ಹಿಡಿದು, ಅಂತರಜಾಲಕ್ಕೆ ತೆರೆದುಕೊಂಡಿದ್ದ ಕ್ಯಾಮೆರಾ, ವಿಡಿಯೊ ರೆಕಾರ್ಡರ್ ಮತ್ತು ರೂಟರ್‌ಗಳ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿತು. ಆ ವರ್ಷದ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ (ತಾಣಗಳ ಹೆಸರಿನಿಂದ ಅವುಗಳ ವಿಳಾಸ ಹುಡುಕಿಕೊಡುವ) ಸೇವಾ ಕಂಪನಿಯ ಮೇಲೆ ಇಂತಹ ಸಾಧನಗಳ ಸೈನ್ಯ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ತಾಣಗಳು ಗಂಟೆಗಟ್ಟಲೆ ಅನೇಕರ ಕೈಗೆ ಸಿಗಲಿಲ್ಲ. ಆ ಕ್ಯಾಮೆರಾಗಳ ಮಾಲೀಕರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಾಗಿರಲಾರದು, ಏಕೆಂದರೆ ಕ್ಯಾಮೆರಾ ಎಂದಿನಂತೆ ಚಿತ್ರ ತೋರಿಸುತ್ತಲೇ ಇತ್ತು. ನಿಮ್ಮ ಕಾವಲು ಕ್ಯಾಮೆರಾಗಳನ್ನು ಮೊದಲು ಪರಿಶೀಲಿಸಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಕಾನೂನುಗಳೂ ಈಗ ಇದೇ ದಿಕ್ಕಿನಲ್ಲಿವೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಗ್ರಾಹಕ ಸಾಧನಗಳಿಗೆ ಎಲ್ಲಕ್ಕೂ ಒಂದೇ ಆದ ಮೂಲ ಪಾಸ್‌ವರ್ಡ್ ಇಡುವಂತಿಲ್ಲ, ಭದ್ರತಾ ಅಪ್‌ಡೇಟ್ ಕನಿಷ್ಠ ಎಷ್ಟು ಕಾಲ ಸಿಗುತ್ತದೆಂಬುದನ್ನು ಪ್ರಕಟಿಸಲೇಬೇಕು. ಯುರೋಪಿಯನ್ ಒಕ್ಕೂಟದ ಸೈಬರ್ ರೆಸಿಲಿಯೆನ್ಸ್ ಆ್ಯಕ್ಟ್ 2024ರ ಡಿಸೆಂಬರ್ 10ರಂದು ಜಾರಿಗೆ ಬಂದಿದ್ದು, ಅದರ ಮುಖ್ಯ ಹೊಣೆಗಾರಿಕೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ. ಉತ್ಪನ್ನದ ಬಳಕೆಯ ಕಾಲವೇ ಕಡಿಮೆ ಇರುವ ಸಂದರ್ಭ ಬಿಟ್ಟರೆ ಕನಿಷ್ಠ ಐದು ವರ್ಷ ಬೆಂಬಲ ನೀಡಬೇಕೆಂದು ಅದು ಹೇಳುತ್ತದೆ. ನಿಮ್ಮ ಕಂಪನಿ ಎಲ್ಲೇ ಇರಲಿ, ಆ ಮಾರುಕಟ್ಟೆಗಳಿಗೆ ಮಾರುವ ತಯಾರಕರು ಈ ಷರತ್ತುಗಳಿಗೆ ಸಿದ್ಧರಾಗಲೇಬೇಕಾದ್ದರಿಂದ, ಅವನ್ನೇ ನಿಮ್ಮ ಖರೀದಿ ಕರಾರಿನಲ್ಲೂ ಕೇಳುವುದು ಅತಿಯಾಸೆಯಲ್ಲ.

ಈಗಾಗಲೇ ಇರುವ ಹಳೆಯ ಸಾಧನಗಳನ್ನು ಬೇರೆ ನೆಟ್‌ವರ್ಕ್ ವಿಭಾಗಕ್ಕೆ ಸರಿಸಿ, ತಮ್ಮ ಗೇಟ್‌ವೇಯನ್ನು ಬಿಟ್ಟು ಬೇರಾರೊಂದಿಗೂ ಮಾತನಾಡದಂತೆ ತಡೆಯಿರಿ. ಒಂದು ಎಚ್ಚರಿಕೆ: ಪಟ್ಟಿ ಮಾಡುವ ಉತ್ಸಾಹದಲ್ಲಿ ಕಚೇರಿಯಲ್ಲಿ ಬಳಸುವ ಸ್ಕ್ಯಾನಿಂಗ್ ತಂತ್ರಾಂಶವನ್ನು ಯಂತ್ರ ನಿಯಂತ್ರಕಗಳ ಜಾಲದ ಮೇಲೆ ಓಡಿಸಬೇಡಿ. ಹಳೆಯ ನಿಯಂತ್ರಕಗಳು ಅನಿರೀಕ್ಷಿತ ಸಂದೇಶಗಳಿಗೆ ತಡವರಿಸಿ ನಿಂತುಹೋಗಬಹುದು, ಅವುಗಳೊಂದಿಗೆ ಉತ್ಪಾದನೆಯೂ ನಿಲ್ಲುತ್ತದೆ. ಜಾಲದಲ್ಲಿ ಹರಿಯುವುದನ್ನು ಸುಮ್ಮನೆ ಆಲಿಸಿ ಗುರುತಿಸುವ ವಿಧಾನವೇ ಅಲ್ಲಿ ಸುರಕ್ಷಿತ.

ಉತ್ತರ 3 – ದತ್ತಾಂಶ ಕೋಷ್ಟಕ

ಇಬ್ಬರ ಮಾತುಗಳೂ ಸರಿಯಾಗಿಯೇ ಇವೆ, ಆದರೆ ಸಾಧನಗಳ ಪಟ್ಟಿಯಿಂದಲೇ ಯೋಜನೆ ಹುಟ್ಟುತ್ತದೆ ಎಂಬುದನ್ನು ನಾನು ಪೂರ್ತಿ ಒಪ್ಪಲಾರೆ. ಯಾವ ತೀರ್ಮಾನ ಬದಲಾಗಬೇಕು ಎಂಬ ಪ್ರಶ್ನೆ ಪಟ್ಟಿಗಿಂತ ಮೊದಲು ಬರಬೇಕು. ಬೇರಿಂಗ್ ಸವೆಯುತ್ತಿದೆ ಎಂಬ ಸೂಚನೆ ಪರದೆಯ ಮೇಲೆ ಕೆಂಪು ಚುಕ್ಕೆಯಾಗಿ ಮಿನುಗಿದರೆ ಸಾಲದು. ಅದು ನಿರ್ವಹಣಾ ವಿಭಾಗದ ಕೆಲಸದ ಆದೇಶವಾಗಿ, ಬೇಕಾದ ಬಿಡಿಭಾಗ ಉಗ್ರಾಣದಲ್ಲಿದೆಯೇ ಎಂಬ ಪರಿಶೀಲನೆಯಾಗಿ, ಯಂತ್ರವನ್ನು ನಿಲ್ಲಿಸಲು ಅನುಕೂಲವಾದ ಪಾಳಿಯ ಆಯ್ಕೆಯಾಗಿ ಮುಂದುವರಿಯಬೇಕು. ಆ ಕೊಂಡಿ ಇಲ್ಲದ ಸೆನ್ಸರ್‌ಗೆ ಎಷ್ಟೇ ದೀರ್ಘ ಆಯುಸ್ಸಿದ್ದರೂ ಕಂಪನಿಗೆ ಪ್ರಯೋಜನವಿಲ್ಲ.

ಎಷ್ಟು ದತ್ತಾಂಶ ಸಂಗ್ರಹಿಸಬೇಕೆಂಬುದೂ ಅಲ್ಲೇ ನಿರ್ಧಾರವಾಗುತ್ತದೆ. ಗೋದಾಮಿನ ತಾಪಮಾನವನ್ನು ನಿಮಿಷಕ್ಕೊಮ್ಮೆ ದಾಖಲಿಸಿದರೆ ದಿನಕ್ಕೆ 1,440 ಅಳತೆಗಳು. ಒಂದೊಂದಕ್ಕೆ 100 ಬೈಟ್ ಎಂದಿಟ್ಟುಕೊಂಡರೂ 144 ಕಿಲೋಬೈಟ್ ಮೀರುವುದಿಲ್ಲ. ಕಂಪನದ ಲೆಕ್ಕವೇ ಬೇರೆ. ಸೆಕೆಂಡಿಗೆ 10,000 ಮಾದರಿಗಳನ್ನು ತಲಾ ಎರಡು ಬೈಟ್‌ಗಳಂತೆ ಬಿಡದೆ ಸಂಗ್ರಹಿಸಿದರೆ ಒಂದೇ ಸೆನ್ಸರ್ ದಿನಕ್ಕೆ ಸುಮಾರು 1.7 ಗಿಗಾಬೈಟ್ ಸುರಿಯುತ್ತದೆ, ನೂರು ಸೆನ್ಸರ್‌ಗಳಾದರೆ 170 ಗಿಗಾಬೈಟ್ ದಾಟುತ್ತದೆ. ಇದೆಲ್ಲವನ್ನೂ ಕ್ಲೌಡ್‌ಗೆ ಕಳುಹಿಸುವ ಬದಲು ಯಂತ್ರದ ಬಳಿಯೇ ಇರುವ ಗೇಟ್‌ವೇಯಲ್ಲಿ ಆವರ್ತನಗಳ ವಿಶ್ಲೇಷಣೆ ಮಾಡಿ, ಸಾರಾಂಶದ ಕೆಲವು ಅಂಕಿಗಳನ್ನಷ್ಟೇ ಕಳುಹಿಸಿ, ಮಿತಿ ಮೀರಿದಾಗ ಮಾತ್ರ ಕಚ್ಚಾ ಅಲೆಯನ್ನು ಉಳಿಸಿಕೊಳ್ಳುವುದು ವಿವೇಕದ ದಾರಿ. ಬ್ಯಾಟರಿಯಲ್ಲಿ ನಡೆಯುವ ಸೆನ್ಸರ್ ಆದರೆ ಅಷ್ಟನ್ನು ರೇಡಿಯೊದಲ್ಲಿ ಕಳುಹಿಸುವ ಶಕ್ತಿಯೇ ಅದಕ್ಕಿರುವುದಿಲ್ಲ, ಲೆಕ್ಕಾಚಾರ ಸೆನ್ಸರಿನೊಳಗೇ ಆಗಬೇಕು.

ಗಡಿಯಾರಗಳನ್ನು ಮಾತ್ರ ಮರೆಯಬೇಡಿ. ಪ್ರತಿ ಅಳತೆಗೂ ಅದು ನಡೆದ ಸಮಯವನ್ನು ಸಾಧನ ಅಥವಾ ಗೇಟ್‌ವೇಯೇ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ) ಬರೆಯಬೇಕು. ಸಂಪರ್ಕ ಕಡಿದು ಮರಳಿದಾಗ ಗಂಟೆಗಟ್ಟಲೆಯ ಅಳತೆಗಳು ಒಟ್ಟಿಗೆ ಬರುತ್ತವೆ, ಆಗ ಸರ್ವರ್‌ಗೆ ಬಂದು ತಲುಪಿದ ಸಮಯವನ್ನೇ ನಂಬಿದರೆ ಇಡೀ ದಾಖಲೆ ಸುಳ್ಳಾಗುತ್ತದೆ.

ಪ್ರಶ್ನೆ ಕೇಳಿದವರು – ಯೋಜನಾ ಮೇಜು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪ್ಲಾಟ್‌ಫಾರಂನ ಅಧ್ಯಾಯವನ್ನು ಹಿಂದಕ್ಕೆ ಸರಿಸಿ, ತೀರ್ಮಾನ, ಆಯುಸ್ಸು ಮತ್ತು ಖರೀದಿ ಷರತ್ತುಗಳನ್ನು ಮುಂದಿಡುತ್ತೇನೆ. ಉಳಿದಿರುವ ಕಷ್ಟದ ಪ್ರಶ್ನೆ ಹಣದ್ದು. ಸೆನ್ಸರ್‌ಗಳನ್ನು ಕೊಂಡದ್ದು ಇತರ ವಿಭಾಗಗಳು, ಅವು ಕೆಟ್ಟರೆ ಕರೆ ಬರುವುದು ನಮಗೆ. ಈ ವೆಚ್ಚ ಯಾರ ಬಜೆಟ್‌ನಲ್ಲಿ ಇರಬೇಕು?

ಉತ್ತರ 4 – ಕಾರ್ಖಾನೆ ಜಾಲ

ಉತ್ತರ 3 ಬರೆದವರ ಮಾತನ್ನು ಒಪ್ಪುತ್ತೇನೆ, ತೀರ್ಮಾನದ ಪ್ರಶ್ನೆ ಮೊದಲು ಬರಲಿ. ಹಣದ ಪ್ರಶ್ನೆಗೂ ಅಲ್ಲಿಂದಲೇ ಉತ್ತರ ಸಿಗುತ್ತದೆ: ಯಾರ ತೀರ್ಮಾನಕ್ಕಾಗಿ ಸಾಧನ ಇದೆಯೋ ಅವರೇ ಅದರ ಮಾಲೀಕರು, ಬ್ಯಾಟರಿ ಬದಲಾವಣೆ, ಮರುಖರೀದಿ ಮತ್ತು ವಿಲೇವಾರಿಯ ವೆಚ್ಚ ಅವರ ಬಜೆಟ್‌ನಲ್ಲಿರಬೇಕು. ನೆಟ್‌ವರ್ಕ್, ಗೇಟ್‌ವೇ, ಕೀಲಿಗಳ ನಿರ್ವಹಣೆ ಮತ್ತು ಅಪ್‌ಡೇಟ್ ವ್ಯವಸ್ಥೆ ಐಟಿ ವಿಭಾಗದ್ದು, ಏಕೆಂದರೆ ಅವನ್ನು ಪ್ರತಿ ವಿಭಾಗವೂ ಪ್ರತ್ಯೇಕವಾಗಿ ಕಟ್ಟಿಕೊಳ್ಳುವುದರಿಂದಲೇ ಇಂದಿನ ಗೊಂದಲ ಹುಟ್ಟಿದೆ. ಹಣಕಾಸು ವಿಭಾಗದವರು ಸೆನ್ಸರ್‌ಗಳನ್ನು ಒಮ್ಮೆ ಕೊಂಡು ಮುಗಿಯುವ ಬಂಡವಾಳ ವೆಚ್ಚವೆಂದು ನೋಡುತ್ತಾರೆ. ಸಿಮ್ ಶುಲ್ಕ, ಕ್ಲೌಡ್ ಶುಲ್ಕ ಮತ್ತು ಅಪ್‌ಡೇಟ್ ಪರೀಕ್ಷಿಸುವ ಸಿಬ್ಬಂದಿಯ ಸಮಯ ಪ್ರತಿ ವರ್ಷವೂ ಬರುವ ವೆಚ್ಚವೆಂದು ಅವರಿಗೆ ಮೊದಲೇ ತೋರಿಸಿ.

ಅಪ್‌ಡೇಟ್ ಪರೀಕ್ಷೆಯ ಸಮಯವನ್ನು ಯಾವ ಕಾರಣಕ್ಕೂ ಕಡಿತಗೊಳಿಸಲು ಬಿಡಬೇಡಿ. ಹೊಸ ಫರ್ಮ್‌ವೇರ್ ಮೊದಲು ಮೇಜಿನ ಮೇಲಿರುವ ಒಂದೆರಡು ಸಾಧನಗಳಿಗೆ, ಆಮೇಲೆ ಮುಖ್ಯವಲ್ಲದ ಯಂತ್ರಗಳಿಗೆ, ಕೊನೆಗೆ ಎಲ್ಲಕ್ಕೂ ಹೋಗಬೇಕು. ವಿಫಲವಾದರೆ ಹಳೆಯ ಆವೃತ್ತಿಗೆ ತಾನೇ ಮರಳುವ ವ್ಯವಸ್ಥೆ ಸಾಧನದಲ್ಲಿ ಇದೆಯೇ ಎಂಬುದನ್ನು ಖರೀದಿಗೆ ಮೊದಲೇ ಪರೀಕ್ಷಿಸಿ. ಮಾದರಿ ಸಾಧನವೊಂದನ್ನು ತರಿಸಿಕೊಂಡು, ಅಪ್‌ಡೇಟ್ ಅರ್ಧ ಮುಗಿದಿರುವಾಗ ವಿದ್ಯುತ್ ತೆಗೆದು ನೋಡಿ. ಅದು ಮತ್ತೆ ಎದ್ದು ನಿಲ್ಲದಿದ್ದರೆ ಆ ಮಾದರಿಯನ್ನು ಪಟ್ಟಿಯಿಂದ ಕೈಬಿಡಿ.