ಸಹಾಯ ಬೇಕು: ಅಪ್ಪನ ಬೈಸೆಪ್ಸ್ (ತೋಳಿನ ಮುಂದಿನ ಸ್ನಾಯು) ಹರಿದಿದೆ, ಕೋಲಾರದ ಕಡೆ ಫಿಸಿಯೋ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ಹೋದ ವಾರ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಕ್ರೇಟ್ ಎತ್ತುವಾಗ ಅಪ್ಪನ ಬಲ ಭುಜದಲ್ಲಿ ಟಪ್ ಅಂತ ಸದ್ದಾಯಿತು. ಈಗ ಮೊಣಕೈಗಿಂತ ಸ್ವಲ್ಪ ಮೇಲೆ ನಿಂಬೆಹಣ್ಣಿನಷ್ಟು ಉಬ್ಬಿದೆ, ಅದರ ಮೇಲ್ಗಡೆ ತಗ್ಗು.

ಬೈಸೆಪ್ಸ್‌ಗೆ ಮೇಲೆ ಎರಡು ತಲೆ, ಅಂದರೆ ಮೂಳೆಗೆ ಅಂಟುವ ಎರಡು ತುದಿ, ಇರುತ್ತವೆ. ಉದ್ದನೆಯದು ಭುಜದ ಕೀಲಿನೊಳಗಿಂದ ಹಾದು ಬರುತ್ತದೆ. ಅದೇ ಹರಿದಿದೆ, ಗಿಡ್ಡದು ಚೆನ್ನಾಗಿದೆ ಎಂದರು ಡಾಕ್ಟರ್. ಕೈ ಮಡಚಲು ಬೈಸೆಪ್ಸ್ ಅಡಿಯಲ್ಲಿರುವ ಬ್ರೇಕಿಯಾಲಿಸ್ ಅನ್ನೋ ಸ್ನಾಯು ಜಾಸ್ತಿ ದುಡಿಯುತ್ತದಂತೆ. ಅದಕ್ಕೇ ಅಪ್ಪ ಮುದ್ದೆ ಮುರಿದು ಸಲೀಸಾಗಿ ಬಾಯಿಗಿಡುತ್ತಾರೆ. ಆದರೆ ಅಂಗೈ ಮೇಲಾಗುವಂತೆ ತಿರುಗಿಸುವ ಬಲ ಮುಖ್ಯವಾಗಿ ಬೈಸೆಪ್ಸ್‌ನದು. ನಿನ್ನೆ ಪಂಪ್‌ಸೆಟ್‌ನ ಒಂದು ಸ್ಕ್ರೂ ಬಿಗಿ ಮಾಡಲು ಹೋಗಿ, ಕೈ ಸೋತು, ಸುಮ್ನೆ ಕೂತುಬಿಟ್ಟರು. ನೋಡಿ ಸಂಕಟವಾಯಿತು.

ವಯಸ್ಸು 62. ಆಪರೇಷನ್ ಇಲ್ಲದೆ ವ್ಯಾಯಾಮದಲ್ಲೇ ಸುಧಾರಿಸಬಹುದು ಎಂದಿದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿತ್ತಾ? ಮತ್ತೆ ಭಾರ ಎತ್ತಲು ಎಷ್ಟು ತಿಂಗಳು ಬೇಕಾಯಿತು? ಕೋಲಾರ, ಬಂಗಾರಪೇಟೆ ಕಡೆ ಒಳ್ಳೆ ಫಿಸಿಯೋಥೆರಪಿಸ್ಟ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಊರಲ್ಲಿ ಎಣ್ಣೆ ಹಚ್ಚಿ ನೀವಿಸಿ ಅಂತಾರೆ. ಹರಿದ ಜಾಗ ಅಲ್ವಾ, ನನಗೆ ಭಯ.