ಮಾರ್ಕ್ 3 ಅಂಬಾಸಿಡರ್: ಬಂದು ಹೋಗುವ ಎಲೆಕ್ಟ್ರಿಕಲ್ ದೋಷವನ್ನು ಹಿಡಿಯುವುದು ಹೇಗೆ?

ಹಾನುಬಾಳು ತೋಟ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 1977ರ ಮಾರ್ಕ್ 3 ಅಂಬಾಸಿಡರ್ ಇದೆ. ತಂದೆಯವರು ಕೊಂಡ ಗಾಡಿ; ಪೆಟ್ರೋಲ್ ಎಂಜಿನ್, ಡೈನಮೋ, ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕಡಿದು ಕೂಡಿಸುವ ಪುಟ್ಟ ಸ್ವಿಚ್) ಇರುವ ಡಿಸ್ಟ್ರಿಬ್ಯೂಟರ್ ಎಲ್ಲವೂ ಮೊದಲಿದ್ದಂತೆಯೇ ಇವೆ. ಈ ಮಳೆಗಾಲದಿಂದ ಮೂಡಿಗೆರೆ ಕಡೆಗೆ ಹೋಗುವಾಗ, ಏರು ಮುಗಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಅಥವಾ ಮತ್ತೆ ಒತ್ತಿದಾಗ, ಎಂಜಿನ್ ಒಂದೆರಡು ಸಲ ಜಗ್ಗಿ, ಯಾರೋ ಕೀ ತಿರುಗಿಸಿ ಆರಿಸಿದ ಹಾಗೆ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಇದರ ಜೊತೆಗೆ, ರಾತ್ರಿ ಹೊತ್ತು ಗುಂಡಿಗೆ ಇಳಿದಾಗ ಎಡಗಡೆಯ ಹೆಡ್‌ಲೈಟ್ ಮಂಕಾಗುತ್ತದೆ, ಮತ್ತು ಎಡಕ್ಕೆ ಇಂಡಿಕೇಟರ್ ಹಾಕಿದರೆ ಅದರ ಪಕ್ಕದ ಪಾರ್ಕಿಂಗ್ ದೀಪವೂ ಮಿಣುಕುತ್ತದೆ.

ಒಂದು ವರ್ಕ್‌ಶಾಪಿನಲ್ಲಿ ಸ್ಪಾರ್ಕ್‌ಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್ ಬದಲಿಸಿದರು, ಆಮೇಲೆ ಕಂಡೆನ್ಸರ್ ಬದಲಿಸಿದರು. ಈಗ ಪೂರ್ತಿ ವೈರಿಂಗ್ ತೆಗೆದು ಹೊಸದು ಹಾಕಬೇಕು ಎನ್ನುತ್ತಿದ್ದಾರೆ. ಅವರ ಮುಂದೆ ಗಾಡಿ ಒಮ್ಮೆಯೂ ಕೆಡುವುದಿಲ್ಲ. ಕಾಫಿ ಮೂಟೆಗಳಿರುವ ಗೋಡೌನಿನಲ್ಲೇ ಅದು ನಿಲ್ಲುವುದರಿಂದ ಇಲಿ ವೈರ್ ಕಡಿದಿರಬಹುದು ಎಂಬ ಅನುಮಾನವೂ ನನಗಿದೆ. ಇನ್ನೂ ಹಣ ಸುರಿಯುವ ಮೊದಲು ದೋಷ ಎಲ್ಲಿದೆ ಎಂದು ನಿಖರವಾಗಿ ತಿಳಿಯುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಬೇಲೂರು ರಸ್ತೆ

ಸರ್, ಯಾವುದನ್ನೂ ಬಿಚ್ಚುವ ಮೊದಲು ಒಂದು ವಿವರ ಬೇಕು. ಎಂಜಿನ್ ನಿಂತ ಆ ಕ್ಷಣದಲ್ಲಿ, ಕೀ ಆನ್‌ನಲ್ಲೇ ಇರುವಾಗ, ಮೀಟರಿನ ಕೆಂಪು ಇಗ್ನಿಷನ್ ದೀಪ ಹತ್ತುತ್ತದೆಯೇ? ಪೆಟ್ರೋಲ್ ಮುಳ್ಳು ತನ್ನ ಜಾಗದಲ್ಲೇ ಇರುತ್ತದೆಯೇ, ಕೆಳಗೆ ಬೀಳುತ್ತದೆಯೇ? ಹಾರ್ನ್ ಹೊಡೆಯುತ್ತದೆಯೇ? ಒಟ್ಟಿಗೆ ಏನೇನು ಸತ್ತಿತು, ಏನೇನು ಉಳಿಯಿತು ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಹಾನುಬಾಳು ತೋಟ

ನಿನ್ನೆ ಮತ್ತೆ ನಿಂತಾಗ ಗಮನಿಸಿದೆ, ಸರ್. ಕೆಂಪು ದೀಪ ಎಂದಿನಂತೆ ಪೂರ್ತಿ ಹತ್ತಿತು, ಪೆಟ್ರೋಲ್ ಮುಳ್ಳು ಅಲುಗಲಿಲ್ಲ, ಹಾರ್ನ್ ಗಟ್ಟಿಯಾಗಿಯೇ ಕೇಳಿಸಿತು.

ಹಾಸನ ಆಟೋ ಎಲೆಕ್ಟ್ರಿಕ್

ಹಾಗಾದರೆ ನಿಮ್ಮ ಗಾಡಿಯಲ್ಲಿ ಇರುವುದು ಒಂದು ದೋಷವಲ್ಲ, ಎರಡು. ಇವೆರಡಕ್ಕೂ ಒಂದೇ ಕಾರಣ ಹುಡುಕಲು ಹೊರಟದ್ದರಿಂದಲೇ ಪೂರ್ತಿ ವೈರಿಂಗ್ ಬದಲಿಸಬೇಕೆಂಬ ಮಾತು ಹುಟ್ಟಿರಬೇಕು. ಎರಡನ್ನೂ ಬೇರೆ ಬೇರೆ ಇಟ್ಟು ನೋಡೋಣ.

ಈ ಗಾಡಿಗಳದ್ದು ಬ್ರಿಟನ್ನಿನ ಲ್ಯೂಕಾಸ್ ಕಂಪನಿಯ ಪದ್ಧತಿಯ ವೈರಿಂಗ್. ಹಳೆಯ ವೈರ್‌ಗಳು ಉಳಿದಿದ್ದರೆ ಅವುಗಳ ಬಣ್ಣವೇ ನಕ್ಷೆಯ ಕೆಲಸ ಮಾಡುತ್ತದೆ: ಬ್ಯಾಟರಿಯಿಂದ ಸ್ವಿಚ್‌ವರೆಗೆ ಬರುವುದು ಕಂದು, ಕೀ ತಿರುಗಿಸಿದ ಮೇಲೆ ಜೀವ ಬರುವುದು ಬಿಳಿ, ಅದೇ ಬಿಳಿ ಫ್ಯೂಸ್ ದಾಟಿದರೆ ಹಸಿರು, ಅರ್ಥ್, ಅಂದರೆ ಬಾಡಿಯ ಮೂಲಕ ಕರೆಂಟ್ ಬ್ಯಾಟರಿಗೆ ಮರಳುವ ದಾರಿ, ಎಲ್ಲವೂ ಕಪ್ಪು. ಕೆಂಪು ದೀಪಕ್ಕೂ ಕಾಯಿಲ್‌ಗೂ ಕರೆಂಟ್ ಬರುವುದು ಬಿಳಿ ವೈರ್‌ನಿಂದ. ಪೆಟ್ರೋಲ್ ಮುಳ್ಳಿಗೆ ಬರುವುದು ಹಸಿರಿನಿಂದ. ಎಂಜಿನ್ ನಿಂತಾಗ ದೀಪವೂ ಮುಳ್ಳೂ ಸರಿಯಾಗಿದ್ದವು ಎಂದರೆ ಬ್ಯಾಟರಿ, ಕಂದು ವೈರ್, ಇಗ್ನಿಷನ್ ಸ್ವಿಚ್ ಇವು ಮೂರೂ ನಿರಪರಾಧಿಗಳು. ಉಳಿಯುವುದು ಸ್ವಿಚ್‌ನಿಂದ ಕಾಯಿಲ್‌ಗೆ ಹೋಗುವ ಬಿಳಿ ವೈರ್, ಕಾಯಿಲ್, ಮತ್ತು ಡಿಸ್ಟ್ರಿಬ್ಯೂಟರ್. ಇಲಿ ಕಡಿದಿದ್ದರೂ ಆ ಬಿಳಿ ವೈರನ್ನೇ ಕಡಿದಿರಬೇಕು.

ಇದನ್ನು ಇನ್ನಷ್ಟು ಕಿರಿದು ಮಾಡಲು 5 ವಾಟ್‌ನ ಸಣ್ಣ ಬಲ್ಬ್ ಸಾಕು. ಕಾಯಿಲ್‌ನಲ್ಲಿ ಬಿಳಿ ವೈರ್ ಸೇರುವ ತುದಿಗೆ, ಅಂದರೆ ಎಸ್‌ಡಬ್ಲ್ಯೂ ಎಂದು ಬರೆದಿರುವ ಕಡೆಗೆ, ಉದ್ದವಾದ ವೈರ್ ಕಟ್ಟಿ ಬಲ್ಬನ್ನು ಡ್ಯಾಶ್‌ಬೋರ್ಡ್ ಮೇಲೆ ಇಡಿ. ಅದರ ಇನ್ನೊಂದು ತುದಿಯನ್ನು ಬಾಡಿಗೆ ಅರ್ಥ್ ಮಾಡಿ. ವೈರ್ ಬಿಸಿ ಮ್ಯಾನಿಫೋಲ್ಡ್‌ಗಾಗಲಿ ಫ್ಯಾನ್‌ಗಾಗಲಿ ತಾಗದಂತೆ ಸಾಗಿಸಿ, ಆ ವೈರಿನ ನಡುವೆ ಒಂದು ಫ್ಯೂಸ್ ಇರಲಿ. ನಂತರ ಗಾಡಿ ಓಡಿಸಿ. ಎಂಜಿನ್ ಜಗ್ಗುವಾಗ ಬಲ್ಬ್ ಆರಿದರೆ ದೋಷ ಕಾಯಿಲ್‌ಗಿಂತ ಹಿಂದೆ ಇದೆ; ಉರಿಯುತ್ತಲೇ ಇದ್ದರೆ ಮುಂದೆ ಇದೆ. ಕೆಡದೆ ನಿಂತಿರುವ ಗಾಡಿಯನ್ನು ಎಷ್ಟು ಹೊತ್ತು ಪರೀಕ್ಷಿಸಿದರೂ ಈ ಉತ್ತರ ಸಿಗುವುದಿಲ್ಲ.

ಎರಡನೆಯದು ಹೆಡ್‌ಲೈಟ್. ಇಂಡಿಕೇಟರ್ ಹಾಕಿದಾಗ ಪಕ್ಕದ ಪಾರ್ಕಿಂಗ್ ದೀಪವೂ ಮಿಣುಕಿದರೆ ಆ ಮೂಲೆಯ ಅರ್ಥ್ ಹೋಗಿದೆ ಎಂದೇ ಅರ್ಥ. ತನ್ನ ಅರ್ಥ್ ಸಿಗದ ಕರೆಂಟ್ ಪಕ್ಕದ ಬಲ್ಬಿನ ಫಿಲಮೆಂಟ್ ಮೂಲಕ ದಾರಿ ಹುಡುಕುತ್ತದೆ. ಇಲ್ಲಿ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಅಳೆಯುವುದರಿಂದ ಪ್ರಯೋಜನ ಕಡಿಮೆ. ಒಂದೇ ಎಳೆಯ ಮೇಲೆ ನಿಂತಿರುವ ಹಗ್ಗ ಭಾರ ಬೀಳುವವರೆಗೂ ಹಗ್ಗದಂತೆಯೇ ಕಾಣುತ್ತದೆ. ಲೆಕ್ಕ ಹಾಕಿ ನೋಡಿ: 45 ವಾಟ್‌ನ ಬಲ್ಬ್ 12 ವೋಲ್ಟ್‌ನಲ್ಲಿ ಸುಮಾರು 3.75 ಆಂಪಿಯರ್ ಎಳೆಯುತ್ತದೆ. ತುಕ್ಕು ಹಿಡಿದ ಬೋಲ್ಟ್‌ನಲ್ಲಿ 0.4 ಓಮ್ ತಡೆ ಇದ್ದರೆ 1.5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, ದೀಪ ಎದ್ದು ಕಾಣುವಷ್ಟು ಮಂಕಾಗುತ್ತದೆ. ಸಾಧಾರಣ ಮೀಟರಿನ ಪ್ರೋಬ್ ವೈರ್‌ಗಳೇ 0.2, 0.3 ಓಮ್ ತೋರಿಸುವುದರಿಂದ ಆ 0.4 ನಿಮ್ಮ ಕಣ್ಣಿಗೆ ದೋಷವಾಗಿ ಬೀಳುವುದೇ ಇಲ್ಲ. ಆದ್ದರಿಂದ ಹೆಡ್‌ಲೈಟ್ ಉರಿಯುತ್ತಿರುವಾಗಲೇ ಮೀಟರನ್ನು ವೋಲ್ಟ್‌ಗೆ ಇಟ್ಟು, ಒಂದು ಪ್ರೋಬ್ ಬಲ್ಬಿನ ಕಪ್ಪು ವೈರ್‌ಗೂ ಇನ್ನೊಂದನ್ನು ಬ್ಯಾಟರಿಯ ಅರ್ಥ್ ಕಂಬಕ್ಕೂ ಹಿಡಿಯಿರಿ. 0.2 ವೋಲ್ಟ್ ಒಳಗಿದ್ದರೆ ಚೆನ್ನ. ಹೆಚ್ಚಿದ್ದರೆ ಬೋಲ್ಟ್ ಬಿಚ್ಚಿ, ಬಾಡಿಯ ತಗಡು ಹೊಳೆಯುವವರೆಗೆ ಮರಳು ಕಾಗದದಿಂದ ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ.

ಬಾನೆಟ್ ತೆರೆದಿರುವಾಗ ಎಂಜಿನ್ನಿನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿಯನ್ನೂ ನೋಡಿಬಿಡಿ. ಎಂಜಿನ್ ಕುಳಿತಿರುವುದು ರಬ್ಬರ್ ಮೌಂಟ್‌ಗಳ ಮೇಲಾದ್ದರಿಂದ, ಆ ಪಟ್ಟಿ ಕಡಿದಿದ್ದರೆ ಸೆಲ್ಫ್‌ನ ಭಾರಿ ಕರೆಂಟ್ ಚೋಕ್ ಕೇಬಲ್ ಮೂಲಕ ಹಾದು ಹೋಗಲು ಯತ್ನಿಸುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಚೋಕ್ ಕೇಬಲ್ ಬಿಸಿಯಾಗಿದ್ದರೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಗಿರಿ ದಾರಿ, ಚಿಕ್ಕಮಗಳೂರು

ಮೇಲಿನ ಮಾತುಗಳನ್ನು ಪೂರ್ತಿ ಒಪ್ಪುತ್ತೇನೆ. ನನಗೆ ಮುಖ್ಯವಾಗಿ ಕಂಡದ್ದು, ಕಾಲು ತೆಗೆದಾಗ ಮತ್ತು ಒತ್ತಿದಾಗ ಎಂದು ನೀವು ಬರೆದಿರುವುದು. ತೇವದಿಂದ ಬರುವ ದೋಷ ಮಳೆಯನ್ನು ನೋಡುತ್ತದೆ, ಕಂಡೆನ್ಸರ್ ದೋಷ ಬಿಸಿಯನ್ನು ನೋಡುತ್ತದೆ. ಆಕ್ಸಿಲರೇಟರ್ ಹೇಳಿದಂತೆ ಕೇಳುವ ದೋಷ ಬೇರೆಯೇ. ಆಕ್ಸಿಲರೇಟರ್ ಜೊತೆಗೆ ಡಿಸ್ಟ್ರಿಬ್ಯೂಟರ್ ಒಳಗೆ ಅಲುಗುವುದು ಪಾಯಿಂಟ್ ಕುಳಿತಿರುವ ತಟ್ಟೆ. ಕಾರ್ಬ್ಯುರೇಟರ್ ಕಡೆಯಿಂದ ಬರುವ ವ್ಯಾಕ್ಯೂಮ್ (ಗಾಳಿಯ ಸೆಳೆತ) ಪ್ರತಿ ಸಲ ಏರಿಳಿದಾಗಲೂ ಆ ತಟ್ಟೆ ಸ್ವಲ್ಪ ತಿರುಗುತ್ತದೆ. ಕಾಯಿಲ್‌ನಿಂದ ಪಾಯಿಂಟ್‌ಗೆ ಬರುವ ಸಣ್ಣ ಹೆಣೆದ ವೈರ್ ಅದರೊಂದಿಗೆ ಬಗ್ಗಿ ಬಗ್ಗಿ, ಹೊರಗಿನ ಹೊದಿಕೆ ಸರಿಯಾಗಿಯೇ ಇರುವಾಗ ಒಳಗಿನ ತಾಮ್ರದ ಎಳೆಗಳು ತುಂಡಾಗುತ್ತವೆ. ತಟ್ಟೆಯನ್ನು ಡಿಸ್ಟ್ರಿಬ್ಯೂಟರ್ ಬಾಡಿಗೆ ಸೇರಿಸುವ ಇನ್ನೊಂದು ಪುಟ್ಟ ಅರ್ಥ್ ವೈರ್‌ಗೂ ಇದೇ ಗತಿ.

ಪರೀಕ್ಷೆಗೆ ರಸ್ತೆಗೆ ಇಳಿಯಬೇಕಾಗಿಲ್ಲ, ಕೈಮರ ದಾಟಿ ಗಿರಿಯ ಏರು ಹತ್ತಬೇಕಾಗಿಯೂ ಇಲ್ಲ. ಅಂಗಳದಲ್ಲಿ ಎಂಜಿನ್ ಐಡಲ್‌ನಲ್ಲಿ ಬಿಟ್ಟು, ವ್ಯಾಕ್ಯೂಮ್ ಪೈಪನ್ನು ಕಾರ್ಬ್ಯುರೇಟರ್ ಕಡೆಯಿಂದ ಬಿಡಿಸಿ, ಅಲ್ಲಿನ ತೂತನ್ನು ಬೆರಳಿನಿಂದ ಮುಚ್ಚಿ, ಪೈಪಿನ ತುದಿಯನ್ನು ಒರೆಸಿ ಬಾಯಿಯಿಂದ ಮೆಲ್ಲನೆ ಎಳೆಯಿರಿ. ಎಳೆದಾಗ ಐಡಲ್ ಸ್ವಲ್ಪ ಏರಬೇಕು. ಅದರ ಬದಲು ಎಂಜಿನ್ ಜಗ್ಗಿದರೆ ಅಥವಾ ನಿಂತರೆ ವೈರ್ ಸಿಕ್ಕಿತೆಂದೇ ತಿಳಿಯಿರಿ. ಹೊಸದು ಹಾಕುವಾಗ ಮನೆ ವೈರಿಂಗ್‌ನ ಗಡಸು ವೈರ್ ಬೇಡ; ಅದು ತಟ್ಟೆಯನ್ನು ತಿರುಗಲು ಬಿಡುವುದಿಲ್ಲ, ಬೇಗ ಮುರಿಯುತ್ತದೆ ಕೂಡ. ಬಹಳ ಎಳೆಗಳ ಮೆತ್ತನೆಯ ವೈರನ್ನೇ ಕೇಳಿ ತನ್ನಿ, ಬಗ್ಗಲು ಸ್ವಲ್ಪ ಉದ್ದ ಬಿಡಿ. ಆಮೇಲೆ ಪಾಯಿಂಟ್ ಗ್ಯಾಪನ್ನು 0.015 ಇಂಚಿನ ಆಸುಪಾಸಿಗೆ ಹೊಂದಿಸಿ.

ಹಾನುಬಾಳು ತೋಟ

ತಮ್ಮೆಲ್ಲರಿಗೂ ಮನಸಾರೆ ಧನ್ಯವಾದಗಳು. ಬಲ್ಬ್ ಕಟ್ಟಿ ಓಡಿಸಿದಾಗ ಎಂಜಿನ್ ಜಗ್ಗಿದರೂ ಬಲ್ಬ್ ಆರಲಿಲ್ಲ. ಪೈಪ್ ಎಳೆದಾಗ ಅರ್ಧಕ್ಕೆ ಬರುತ್ತಿದ್ದಂತೆ ಎಂಜಿನ್ ನಿಂತೇಹೋಯಿತು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಆ ವೈರನ್ನು ಎರಡು ಬೆರಳುಗಳಲ್ಲಿ ಹಿಡಿದು ಮೆಲ್ಲನೆ ಜಗ್ಗಿದರೆ ನಡುವೆ ಒಂದು ಕಡೆ ಹೊದಿಕೆ ಮಾತ್ರ ಉದ್ದವಾಗುತ್ತಿತ್ತು; ಸೀಳಿ ನೋಡಿದಾಗ ಎಳೆಗಳೆಲ್ಲ ತುಂಡಾಗಿ, ತುದಿಗಳು ಕಪ್ಪಾಗಿದ್ದವು. ವೈರ್ ಬದಲಿಸಿದ ಮೇಲೆ ಮೂಡಿಗೆರೆಗೆ ಹೋಗಿ ಬಂದೆ, ಎಲ್ಲಿಯೂ ನಿಲ್ಲಲಿಲ್ಲ. ಎಡ ಹೆಡ್‌ಲೈಟ್‌ನ ಅರ್ಥ್‌ನಲ್ಲಿ 1.8 ವೋಲ್ಟ್ ತೋರಿಸುತ್ತಿತ್ತು. ಬೋಲ್ಟ್ ಕೆಳಗೆ ತುಕ್ಕಿನ ಪುಡಿ, ವೈರಿನ ತುದಿಯಲ್ಲಿ ಹಸಿರು ಕಿಲುಬು ಇದ್ದವು. ಉಜ್ಜಿ ಬಿಗಿ ಮಾಡಿದ ಮೇಲೆ 0.1ಕ್ಕೆ ಇಳಿದಿದೆ, ಪಾರ್ಕಿಂಗ್ ದೀಪ ಮಿಣುಕುವುದೂ ನಿಂತಿದೆ.

ಇನ್ನೊಂದು ಪ್ರಶ್ನೆ: ಹೆಡ್‌ಲೈಟ್‌ಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಮಾಡುವ ಸ್ವಿಚ್) ಹಾಕಿಸುವುದು ಒಳ್ಳೆಯದೇ?

ಹಾಸನ ಆಟೋ ಎಲೆಕ್ಟ್ರಿಕ್

ಹಾಕಿಸಬಹುದು. ಹಳೆಯ ಲೈಟ್ ಸ್ವಿಚ್ ಮತ್ತು ಡಿಪ್ಪರ್ ಮೂಲಕ ಎರಡೂ ಬಲ್ಬುಗಳ ಪೂರ್ತಿ ಕರೆಂಟ್ ಹಾಯುವುದು ತಪ್ಪುತ್ತದೆ, ಸ್ವಿಚ್ ಬಾಳಿಕೆ ಬರುತ್ತದೆ. ಆದರೆ ಮೊದಲು ಬ್ಯಾಟರಿಯ ಇನ್ನೊಂದು ಕಂಬದಿಂದ ಬಲ್ಬಿನವರೆಗಿನ ನಷ್ಟವನ್ನೂ ಇದೇ ರೀತಿ ದೀಪ ಉರಿಸಿ ಅಳೆಯಿರಿ. ಅರ್ಧ ವೋಲ್ಟ್‌ಗಿಂತ ಕಡಿಮೆ ಇದ್ದರೆ ಈಗಲೇ ಅವಸರವಿಲ್ಲ. ಹಾಕಿಸುವುದಾದರೆ ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು ಪ್ರತ್ಯೇಕ ರಿಲೇ ಇರಲಿ, ಬ್ಯಾಟರಿಯಿಂದ ಹೊರಡುವ ಹೊಸ ವೈರ್‌ಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ, ಮತ್ತು ಹಳೆಯ ವೈರ್‌ಗಳನ್ನು ಕತ್ತರಿಸಿಹಾಕದೆ ರಿಲೇ ಚಾಲೂ ಮಾಡಲು ಅವನ್ನೇ ಬಳಸಲು ಹೇಳಿ.